ಐದು ನಿಮಿಷದ ಬಣ್ಣ

ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಗಡ್ಡೆಯ ಚೂರುಗಳಿಗೆ ಬಣ್ಣ ಹಾಕುತ್ತಿದ್ದೇನೆ. ಒಂದು ದಿನ ತಂಗಿಯ ಎದೆಯ ಗಡ್ಡೆಯೇ ನನ್ನ ಮೇಜಿಗೆ ಬಂತು. ಬೇರೆಯವರಿಗೆ ಕೊಡಬೇಕಿತ್ತು. ಕೊಡಲಿಲ್ಲ, ನನ್ನ ಹಟ.

ಜೀವಕೋಶದ ಮೈಮೇಲೆ ಹೊರಗಿನ ಸಂದೇಶ ಹಿಡಿಯುವ ಹಲವು ಜಾತಿಯ ರಿಸೆಪ್ಟರ್‌ಗಳಿರುತ್ತವೆ. ಒಂಟಿಯಾಗಿದ್ದರೆ ತೆಪ್ಪಗಿರುತ್ತವೆ. ಎರಡು ಜೊತೆಯಾದವೋ, ‘ಬೆಳೆ, ಬೆಳೆ’ ಎಂದು ಕೋಶದೊಳಕ್ಕೆ ಕೂಗತೊಡಗುತ್ತವೆ. ಜೊತೆಗಾರ ಬದಲಾದರೆ ಕೂಗಿನ ಧಾಟಿಯೂ ಬದಲು. ಅವುಗಳಲ್ಲಿ ಒಂದು ಜಾತಿ ಜೊತೆಯಾಗದಂತೆ ತಡೆಯುವ ಔಷಧಿಯೊಂದಿದೆ. ಆದರೆ ಗಡ್ಡೆಯಲ್ಲಿ ಆ ಜಾತಿಯ ರಿಸೆಪ್ಟರ್ ತುಂಬಿದ್ದರೆ ಮಾತ್ರ ಅದು ನಾಟುತ್ತದೆ. ತುಂಬಿದ್ದರೆ, ಚೂರು ಅಂಟಿಸಿದ ಗಾಜಿನ ಸ್ಲೈಡು ಬಣ್ಣ ಹಾಕಿದಾಗ ಕಂದಾಗುತ್ತದೆ. ತಂಗಿ ಆ ಔಷಧಿಯನ್ನೇ ನಂಬಿ ಕೂತಿದ್ದಳು.

ಬಣ್ಣ ಇರಬೇಕಾದದ್ದು ಐದು ನಿಮಿಷ. ಐದಾಯಿತು, ಸ್ಲೈಡು ಬಿಳಿಚಿಕೊಂಡೇ ಇತ್ತು. ಇನ್ನೊಂದು ಚೂರು ಹೊತ್ತು, ಅಂದುಕೊಂಡೆ. ಹದಿನೈದು ನಿಮಿಷ ಬಿಟ್ಟೆ. ಕಂದು ಬಂತು. ರಿಸೆಪ್ಟರ್ ತುಂಬಿಲ್ಲವೆಂದು ಮೊದಲೇ ಗೊತ್ತಿರುವ ಬೇರೊಂದು ಚೂರನ್ನು ತಾಳೆ ನೋಡಲು ಜೊತೆಯಲ್ಲೇ ಇಟ್ಟಿರುತ್ತೇವೆ. ಅದೂ ಕಂದಾಗಿತ್ತು. ಅಂದರೆ ಎರಡರ ಕಂದೂ ಸುಳ್ಳು, ಹೊತ್ತು ಹೆಚ್ಚಾಗಿ ಬಂದದ್ದು. ಆ ತಾಳೆ ಸ್ಲೈಡನ್ನು ಡ್ರಾಯರಿಗೆ ತಳ್ಳಿ, ತಂಗಿಯದನ್ನು ಮಾತ್ರ ಡಾಕ್ಟರಿಗೆ ಕೊಟ್ಟೆ.

“ತಾಳೆ ಸ್ಲೈಡು ಸರಿ ಇತ್ತೇನಮ್ಮಾ?” ಲ್ಯಾಬಿನ ಡಾಕ್ಟರು ಕೇಳಿದರು.

“ಇತ್ತು ಸರ್.”

ನನ್ನ ನಾಲಗೆ ಬಿದ್ದುಹೋಗಬಾರದಿತ್ತೇ!

ಸಂಜೆ ತಂಗಿಯ ಫೋನು. “ಅಕ್ಕಾ, ಸೋಮವಾರದಿಂದ ಶುರುವಂತೆ! ಆ ಡಾಕ್ಟರ ಬಾಯಿಗೆ ಸಕ್ಕರೆ ಹಾಕ್ಬೇಕು.” ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು. ನಾನು ಫೋನಿಟ್ಟು ಲೆಕ್ಕ ಹಾಕಿದೆ. ನಾಟದ ಔಷಧಿ ಮೈಗೆ ಹೋಗುತ್ತಿರುತ್ತದೆ, ಗಡ್ಡೆ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಕೊಲ್ಲುವವಳು ನಾನೇ.

ಬೆಳಿಗ್ಗೆ ಡ್ರಾಯರಿನ ಸ್ಲೈಡನ್ನು ಲ್ಯಾಬಿನ ಡಾಕ್ಟರ ಮುಂದಿಟ್ಟು ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ; ನನ್ನನ್ನು ಆ ಮೇಜಿನಿಂದ ಎಬ್ಬಿಸಿದರು. ಇನ್ನೊಬ್ಬಳು ಹೊಸ ಚೂರಿಗೆ ಐದೇ ನಿಮಿಷ ಬಣ್ಣ ಹಾಕಿದಳು. ಕಂದು ಬರಲಿಲ್ಲ.

ತಂಗಿಗೆ ನಾನೇ ಹೋಗಿ ಹೇಳಿದೆ.

“ಆಸೆ ತೋರಿಸಿ ಕಿತ್ಕೊಂಡ್ಯಲ್ಲೇ, ಪಾಪಿ!” ಅಂದವಳೇ ಬಾಗಿಲು ಹಾಕಿಕೊಂಡಳು. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಬೇರೆ ಔಷಧಿ ಶುರುವಾಯಿತು. ಅವಳ ಕೂದಲೆಲ್ಲ ಉದುರಿತು. ಮೂರು ತಿಂಗಳು ನನ್ನೊಂದಿಗೆ ಮಾತಿಲ್ಲ, ಕತೆಯಿಲ್ಲ. ಆಮೇಲೊಂದು ಮಧ್ಯಾಹ್ನ ತಲೆಗೆ ಬಟ್ಟೆ ಕಟ್ಟಿಕೊಂಡು ಲ್ಯಾಬಿನ ಕಿಟಕಿಗೆ ಬಂದಳು. ಕೈಯಲ್ಲಿ ಹೊಸ ಸ್ಕ್ಯಾನಿನ ರಿಪೋರ್ಟು, ಲಕೋಟೆ ಒಡೆದಿರಲಿಲ್ಲ.

“ನೀನೇ ಓದಿ ಹೇಳು.”

“ನಾನಾ? ಡಾಕ್ಟರಿದ್ದಾರಲ್ಲೇ...”

“ಅವರು ನನ್ನ ಮುಖ ನೋಡಿ ಮಾತು ತೇಲಿಸ್ತಾರೆ. ಗಂಡನೂ ಅಷ್ಟೇ. ಕೆಟ್ಟದ್ದನ್ನ ನನ್ನೆದುರೇ ಹೇಳಿದೋಳು ನೀನೊಬ್ಳೇ ಕಣೇ ಅಕ್ಕ.”

ಲಕೋಟೆ ಒಡೆದೆ. ಇದ್ದದ್ದನ್ನು ಇದ್ದಹಾಗೆ ಓದಿದೆ.