ಸೈಕಲ್ ಹಿಡಿಸುವ ಮೋಟಾರು

ಯುದ್ಧದ ದೆಸೆಯಿಂದ ಪೆಟ್ರೋಲಿಗೆ ಕೂಪನ್ ಬಂದಾಗಿನಿಂದ ಧಾರವಾಡದ ತ್ರ್ಯಂಬಕ ವಕೀಲರಿಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿರಲಿಲ್ಲ. ಮೋಟಾರು ಕೊಳ್ಳುವ ಆಸೆ ಬಿಡಲೊಲ್ಲದು. ಕೊಂಡರೆ, ಹುಬ್ಬಳ್ಳಿಗೆ ಹೋಗುವ ನಡುದಾರಿಯಲ್ಲಿ ಪೆಟ್ರೋಲು ತೀರಿತೆಂದರೆ ಏನು ಗತಿ? ಅದಕ್ಕೇ ಗಂಡಹೆಂಡಿರಿಬ್ಬರ ಸೈಕಲ್ಲೂ ಒಳಗೆ ಹಿಡಿಸುವಂಥದೇ ಬೇಕೆಂದು ಹಟ ಹಿಡಿದರು. ಮೋಟಾರಿನ ಚಾವಣಿಯ ಮೇಲೆ ಕಟ್ಟಿದರೆ ಬಣ್ಣ ಹೋದೀತಂತೆ. ಹುಬ್ಬಳ್ಳಿಯಲ್ಲಿ ಕಂಡ ಕಂಡ ಹಳೆಯ ಮೋಟಾರಿನೊಳಗೆಲ್ಲ ಸೈಕಲ್ ತುರುಕಿಸಿ, ಎಳೆಸಿ, ದಲಾಲರ ತಲೆ ತಿಂದರು.

ಕಡೆಗೆ ಹಿಂದಿನ ಸೀಟು ಕಿತ್ತಿದ್ದ ಒಂದು ವ್ಯಾನಿನಲ್ಲಿ ಎರಡೂ ಸರಾಗವಾಗಿ ಕೂತವು. ವಕೀಲರು ಹೆಂಡತಿಯನ್ನು ಕರೆತಂದು ತೋರಿಸಿದರು.

"ನೋಡು ತಾರಾ, ಇನ್ನ ಪೆಟ್ರೋಲ್ ತೀರಿದ್ರೂ ಚಿಂತಿಲ್ಲ. ಇಬ್ರೂ ಸೈಕಲ್ ಹತ್ತಿ ಮನಿಗೆ ಬರೋದು."

ತಾರಾಬಾಯಿ ವ್ಯಾನಿಗೆ ಒಂದು ಸುತ್ತು ಹಾಕಿ ಬಂದರು. "ಇಬ್ರೂ ಬಂದ್ರ, ದಾರ್‍ಯಾಗ ನಿಂತ ಮೋಟಾರ್ ಕಾಯೋರು ಯಾರ್ರಿ?"



ತಾರಾಬಾಯಿ ಸೆರಗು ಸಿಕ್ಕಿಸಿಕೊಂಡು, ಗಂಡನ ಸೈಕಲ್ಲನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದರು.

"ನಂದೊಂದ ಸಾಕು. ನೀವು ಮೋಟಾರಿನ್ಯಾಗ ಕೂತಿರ್ರಿ. ನಾ ಮನಿಗೆ ಹೋಗಿ ಬುತ್ತಿ ಕಳಸ್ತೇನಿ."