ಐಲರ್ಟನ ಕೋಟಿನ ಜೇಬು

ಐಲರ್ಟನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಮೀನು ಒಣಹಾಕುವ ಮರದ ಅಡ್ಡೆಗಳಿಂದ ಒಣಮೀನು ಇಳಿಸುತ್ತಿದ್ದ ದಿನ. ಬಂದರು ನೋಡಿಕೊಳ್ಳುವ ಕೋರೆ ಬೇಲಿಯಾಚೆಯಿಂದಲೇ ಕೂಗಿದ: "ಸಿಗ್ನೆ, ಬಾಗಿಲು ಹಾಕ್ಕೋ! ಹರಕು ಬಲೆ ಬೇಡೋನೊಬ್ಬ ಬಂದಿದ್ದಾನೆ. ಕಾಂಕ್ರೀಟಿಗೆ ಬೆರೆಸ್ತಾನಂತೆ."

"ಜೊತೆಗೆ ಬೆಣ್ಣೆ ಬೇಡ್ವಂತಾ?" ಎಂದೆ.

ಮಧ್ಯಾಹ್ನ ಅವನೇ ಬಂದ. ಮೂರು ಹೆಜ್ಜೆಗೊಮ್ಮೆ ನಿಂತು, ಹಿಮ್ಮಡಿಯಿಂದ ನೆಲ ಗುದ್ದಿ, ಒಳಗೆ ಟೊಳ್ಳಿದೆಯೇ ಎಂದು ಆಲಿಸುವ ನಡಿಗೆ. ಕಂದು ಕೋಟಿನ ಜೇಬುಗಳ ತುಂಬ ಹಸಿರು, ನೀಲಿ, ಕಿತ್ತಳೆ ಬಣ್ಣದ ಎಳೆಗಳು. ಅವನು ಕೂತು ಎದ್ದ ಜಾಗದಲ್ಲಿ ಹಕ್ಕಿಯೊಂದು ಗೂಡು ಕಟ್ಟಲು ಹೊರಟು ಮನಸ್ಸು ಬದಲಿಸಿದಂತೆ ಕಾಣುತ್ತಿತ್ತು. ಏನು ಕೇಳಿದರೂ ಉತ್ತರ "ನೋಡೋಣ" ಎಂದೇ ಶುರು.

ನನ್ನ ಗಂಡ ಹಾಲ್ವರ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವನ ಹಸಿರು ಬಲೆ ದೋಣಿಮನೆಯ ಗೂಟದಲ್ಲಿ ಹಾಗೆಯೇ ತೂಗುತ್ತಿತ್ತು. ಐಲರ್ಟನ ಕಣ್ಣು ಅದರ ಮೇಲೆ ಬಿದ್ದದ್ದು ಕಂಡು, "ಅದು ಕಸ ಅಲ್ಲ" ಎಂದೆ. ಅವನು ಟೋಪಿ ತೆಗೆದ, ನನಗಲ್ಲ, ಬಲೆಗೆ. ಮತ್ತೆಂದೂ ಅದರ ಮಾತೆತ್ತಲಿಲ್ಲ.

ದೋಣಿ ಕಟ್ಟುವ ನಮ್ಮ ದಕ್ಕೆಯ ಅಂಚನ್ನು ಪ್ರತಿ ಚಳಿಗಾಲವೂ ಹಿಮ ತಿನ್ನುತ್ತಿತ್ತು. ಹೀಗೇ ಹೋದರೆ ಮೀನಿನ ಲಾರಿ ಬರುವುದು ನಿಲ್ಲುತ್ತದೆ, ದೋಣಿಗಳು ಬೇರೆ ಊರು ಹಿಡಿಯುತ್ತವೆ. ಕೋರೆ ಐಲರ್ಟನಿಗೆ ಒಂದೇ ಒಂದು ಕಾಂಕ್ರೀಟು ಹಾಸಿನಷ್ಟು ಜಾಗ ಕೊಟ್ಟ. ಅದು ಒಂದು ಚಳಿಗಾಲ ದಾಟಿದರೆ ಇಡೀ ಅಂಚು ಅವನ ಬಗೆಯಲ್ಲೇ, ಇಲ್ಲವಾದರೆ ಗಂಟುಮೂಟೆ.

ಮೊದಲ ಕಲಸು ಕೆಟ್ಟಿತು. ಎಳೆಗಳೆಲ್ಲ ಉಂಡೆಗಟ್ಟಿ ನಿಂತವು. "ಬೆಕ್ಕು ಕೂದಲು ಕಕ್ಕಿದ ಹಾಗಿದೆ!" ಎಂದು ಕೋರೆ ಹೊಟ್ಟೆ ಹಿಡಿದು ನಕ್ಕ. ನಾನು ಇಣುಕಿದೆ. ಬಲೆಯನ್ನು ಗಂಟುಗಳ ಸಮೇತ ಕತ್ತರಿಸಿ, ಇಡೀ ಚೀಲವನ್ನು ಒಮ್ಮೆಗೇ ಸುರಿದಿದ್ದ.

"ಗಂಜಿಗೆ ಹಿಟ್ಟನ್ನೂ ಹೀಗೇ ಸುರೀತೀರಾ? ನಿಮ್ಮ ಮನೇಲಿ ಉಪವಾಸವೇ ಗತಿ!"

ನಲವತ್ತು ವರ್ಷ ಸಿಮೆಂಟು ಕಾರ್ಖಾನೆಯಲ್ಲಿ ದುಡಿದ ಮನುಷ್ಯ, ಏಳನೇ ತರಗತಿಗೇ ಶಾಲೆ ಬಿಟ್ಟ ನನ್ನ ಮಾತನ್ನು ಪುಸ್ತಕ ತೆಗೆದು ಬರೆದುಕೊಂಡ.

ಆ ವಾರವೆಲ್ಲ ನನ್ನ ಅಡುಗೆಮನೆಯಲ್ಲಿ ಬಲೆಗಳ ಗಂಟು ಕತ್ತರಿಸಿ ಎಸೆದೆವು. ಮೀನಿನ ಜಿಡ್ಡು ಹೋಗುವಂತೆ ತೊಳೆದೆವು. ಉಣ್ಣೆ ಬಾಚುವ ಹಣಿಗೆಯಿಂದ ಎಳೆ ಬಿಡಿಸಿದೆವು. ಕಲಸುವ ಯಂತ್ರ ತಿರುಗುತ್ತಿರುವಾಗ ಹಿಡಿ ಹಿಡಿಯಾಗಿ ನಾನೇ ಉದುರಿಸಿದೆ. ಹಿಮ ಬೀಳುವ ಮೊದಲೇ ಹಾಸು ಗಟ್ಟಿಯಾಯಿತು.

ಐಲರ್ಟನ ಎದೆ ಮಾತ್ರ ಆ ಚಳಿ ತಡೆಯಲಿಲ್ಲ. ಪಟ್ಟಣದ ಆಸ್ಪತ್ರೆ ಸೇರಿದ. ಹಿಮ ಕರಗಿದ ಬೆಳಿಗ್ಗೆ ನಾನು ದಕ್ಕೆಯ ಮೇಲೆ ಮಂಡಿಯೂರಿ ನೋಡಿ, ಫೋನು ಮಾಡಿದೆ.

"ಬಿರುಕು ಬಿಟ್ಟಿದೆ."

ಆಚೆಯಿಂದ ಐಲರ್ಟ ಕೇಳಿದ: "ಎಷ್ಟು ಅಗಲ?"

"ನನ್ನ ಸೂಜಿ ಹೋಗಲ್ಲ. ಒಳಗಿಂದ ಎಳೆಗಳು ಎರಡೂ ಕಡೆ ಕಚ್ಚಿಕೊಂಡಿವೆ. ಪಕ್ಕದ ಹಳೇ ಹಾಸಿನ ಅಂಚು ಕಡಲು ಸೇರಿದೆ. ಉಳಿದದ್ದನ್ನೂ ಬೇಸಿಗೇಲಿ ಹೀಗೇ ಹಾಕ್ತೀನಿ ಅಂದ ಕೋರೆ."

ನಗುವೂ ಕೆಮ್ಮೂ ಒಟ್ಟಿಗೇ ಬಂದವು.

ಬಿರುಕೇ ಬೀಳದ ಕಲ್ಲು ಮಾಡಿಕೊಡುತ್ತೇವೆಂದು ಐಲರ್ಟನಂಥವರು ಯಾರಿಗೂ ಮಾತು ಕೊಡುವುದಿಲ್ಲ. ಬಿರುಕು ಬಂದೇ ಬರುತ್ತದೆಂದು ಮೊದಲೇ ಒಪ್ಪಿ, ಅದರ ಎರಡು ದಡಗಳನ್ನು ಹಿಡಿದು ನಿಲ್ಲುವ ಎಳೆಯನ್ನು ನಾವು ಎಸೆದದ್ದರಲ್ಲೇ ಹುಡುಕುತ್ತಾ, ಜೇಬು ತುಂಬಿಕೊಂಡು ಊರೂರು ಅಲೆಯುತ್ತಾರೆ.

ಫೋನು ಇಡುವ ಮುನ್ನ ಅವನು ಕೇಳಿದ್ದು ಒಂದೇ. ಅಂದೇ ಮೊದಲ ಸಲ ನನ್ನನ್ನು "ನೀನು" ಎಂದ.

"ಸಿಗ್ನೆ, ಬೇಸಿಗೇಲಿ ಮೊದಲ ಹಿಡಿ ನೀನೇ ಹಾಕ್ತೀಯಾ? ಯಾವ ಬಲೇದು ಅಂತ ನಾನು ಕೇಳಲ್ಲ."