ಹಿತ್ತಲ ಕೊಳದ ತಿಳಿನೀರು

ಬೆಳಗಿನ ಬಟ್ಟೆ ಹಿಂಡುತ್ತಿದ್ದವಳಿಗೆ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ತಿರುಗಿದರೆ ಮಗಳು. ಶಾಲೆಯ ಅಂಗಿಗೆ ಒಂದೇ ಗುಂಡಿ ಹಾಕಿಕೊಂಡು ಬರಿಗಾಲಲ್ಲಿ ನಿಂತಿದ್ದಾಳೆ.

“ಅಮ್ಮಾ, ಮೇಷ್ಟ್ರು ಏಳ್ತಾ ಇಲ್ಲ.”

ಅರ್ಧ ಹಿಂಡಿದ ಹೊದಿಕೆ ಕೈಜಾರಿ ಬಕೆಟ್ಟಿಗೆ ಬಿತ್ತು. ಮೇಷ್ಟ್ರು ಎಂದರೆ ಹಿತ್ತಲ ಕೊಳದ ಮೀಸೆಯ ಮೀನು. ಮಗಳೇ ಇಟ್ಟ ಹೆಸರು. ಅಮ್ಮ ಒದ್ದೆ ಕೈಯಲ್ಲೇ ಓಡಿಹೋಗಿ ನೋಡಿದರೆ, ಮೇಷ್ಟ್ರು ನೀರಿನ ಮೇಲೆ ಅಡ್ಡಲಾಗಿ ಮಲಗಿದ್ದರು.

ಕೊಳವೆಂದರೆ ದೊಡ್ಡದೇನಲ್ಲ, ಒಂದು ಮಂಚದಷ್ಟು ಅಗಲದ ಸಿಮೆಂಟಿನ ತೊಟ್ಟಿ. ಗಂಡ ತೀರಿಕೊಂಡ ಮೇಲೆ ಅವಳು ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸುಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ್ದಳು. ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು. ಲಾಂಡ್ರಿ ಬಿಡುವ ಹೊತ್ತಿಗೆ ಬೀದಿದೀಪ ಹತ್ತಿರುತ್ತಿತ್ತು. ಮಗಳು ತಾನೇ ಬೀಗ ತೆಗೆದು ಒಳಗೆ ಕಾಲಿಡುವಾಗ ಮನೆಯಲ್ಲಿ ಇನ್ನೊಂದು ಜೀವವಾದರೂ ಇರಲಿ ಎಂದು ನಾಯಿಮರಿ ತರಲು ಹೊರಟಿದ್ದಳು. ಮನೆಯೊಡೆಯ ಒಪ್ಪಲಿಲ್ಲ. “ಮೀನು ಬೇಕಾದ್ರೆ ಸಾಕ್ಕೋಮ್ಮ, ಅದು ಬೊಗಳಲ್ಲ” ಎಂದಿದ್ದ. ಹಾಗೆ ಬಂದ ಮೀನುಗಳು ಇವು. ಮೊದಲು ತೊಟ್ಟಿ ತುಂಬ ಇದ್ದವು, ಈಗ ಮೇಷ್ಟ್ರನ್ನು ಬಿಟ್ಟು ಮೂರೇ ಉಳಿದಿವೆ.

“ನಿನ್ನೆಯಷ್ಟೇ ತೊಟ್ಟಿಯ ಗೋಡೆ ಉಜ್ಜಿದ್ದೆನಲ್ಲೇ! ನೀರು ನೋಡು, ಕನ್ನಡಿ ಇದ್ದ ಹಾಗಿದೆ” ಎಂದಳು ಅಮ್ಮ, ಮೀನಿಗೆ ಹೇಳುವವಳ ಹಾಗೆ. ಮಗಳು ಏನೋ ಕೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಇತ್ತೀಚೆಗೆ ಅವಳದು ಹೀಗೇ. ಅಮ್ಮನಿಗೆ ಅದು ಕಾಣುತ್ತಿತ್ತು. ಆದರೆ ಲಾಂಡ್ರಿಯ ಗೇಟು ಯಾರಿಗೂ ಕಾಯುವುದಿಲ್ಲ.

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಒಂದು ತಲೆ ಮೂಡಿತು. ಪಕ್ಕದ ಮನೆಯ ಸೂಜಿ ಅಕ್ಕ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಬೀದಿಯ ಮಕ್ಕಳೆಲ್ಲ ಅವಳನ್ನು ಕಂಡರೆ ತೋಳು ಮುಚ್ಚಿಕೊಂಡು ಓಡುತ್ತಾರೆ. ಅವಳ ಹಿತ್ತಲಲ್ಲೂ ಒಂದು ಕೊಳವಿದೆ.

“ಮತ್ತೊಂದು ಹೋಯ್ತಾ?”

“ಹೋಯ್ತು ಅಕ್ಕ. ನನ್ನ ಕೈಗುಣವೇ ಸರಿಯಿಲ್ಲ. ಇದ್ದದ್ದನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ.”

ಮಗಳು ತಟ್ಟನೆ ತೊಟ್ಟಿಯ ಅಂಚು ಹಿಡಿದುಕೊಂಡಳು.

“ಕೈಗುಣ ಆಮೇಲೆ ನೋಡೋಣ. ನೀರು ಪರೀಕ್ಷೆ ಮಾಡಿದ್ಯಾ?”

“ಪರೀಕ್ಷೆ ಏನು ಮಾಡೋದು? ದಿನಾ ಹದಿನಾರು ಹಾಸಿಗೆಯ ಕಲೆ ತೆಗೆಯೋಳು ನಾನು. ಕೊಳೆ ಯಾವುದು, ಶುಭ್ರ ಯಾವುದು ಅಂತ ನನಗೆ ಗೊತ್ತಾಗಲ್ವಾ? ತಳದ ಕಲ್ಲು ಕಾಣ್ತಿದೆ, ನೋಡು.”

“ನಾನು ದಿನವಿಡೀ ಜನರ ರಕ್ತ ನೋಡ್ತೀನಿ ಕಣೆ. ಎಲ್ಲರದೂ ಕೆಂಪೇ. ‘ಕೆಂಪಗಿದೆ, ಆರಾಮಾಗಿದ್ದೀಯ’ ಅಂತ ಬರೆದು ಕಳಿಸಿದ್ರೆ ನೀನು ಒಪ್ತೀಯಾ?”

ಸೂಜಿ ಅಕ್ಕ ಗೋಡೆಯ ಮೇಲಿಂದಲೇ ಒಂದು ಪುಟ್ಟ ಡಬ್ಬಿ ಕೊಟ್ಟಳು. ಒಳಗೆ ಗಾಜಿನ ಕೊಳವೆ, ಎರಡು ಹನಿ ಸೀಸೆ, ಬಣ್ಣದ ಚೌಕಗಳಿದ್ದ ಒಂದು ಕಾರ್ಡು. ಕೊಳವೆಯಲ್ಲಿ ಗೆರೆಯವರೆಗೆ ಕೊಳದ ನೀರು ತುಂಬಿ, ಹೇಳಿದಷ್ಟು ಹನಿ ಬಿಟ್ಟು, ಅಲ್ಲಾಡಿಸಿ ಐದು ನಿಮಿಷ ಕಾಯಬೇಕಿತ್ತು. ನೀರು ಮೊದಲು ಹಳದಿಯಾಯಿತು, ಆಮೇಲೆ ನಿಧಾನಕ್ಕೆ ಗಾಢ ಹಸಿರಾಯಿತು.

“ಹಸಿರು! ಒಳ್ಳೇದೇ ಅಲ್ವಾ?”

“ಸಿಗ್ನಲ್ ಲೈಟಲ್ಲ ಇದು, ಗಾಡಿ ಬಿಡೋಕೆ. ಈ ಕಿಟ್ಟಲ್ಲಿ ಹಳದಿ ಇದ್ರೆ ಕ್ಷೇಮ, ಹಸಿರು ಬಂದ್ರೆ ಅಮೋನಿಯಾ ಇದೆ ಅಂತ. ಮೀನಿನ ಹೊಲಸು, ತಿಂದು ಬಿಟ್ಟಿದ್ದು, ಎಲ್ಲ ಕೊಳೆತು ಹುಟ್ಟೋ ವಿಷ. ಕಣ್ಣಿಗೆ ಕಾಣಲ್ಲ. ಗೋಡೆಗೆ ಲೋಳೆ ಕಟ್ಟಿರುತ್ತಲ್ಲ, ಅದರಲ್ಲಿರೋ ಸಣ್ಣ ಸಣ್ಣ ಜೀವಿಗಳೇ ಆ ವಿಷ ತಿಂದು ನೀರು ಕಾಯೋದು.”

“ಅಯ್ಯೋ, ಅದನ್ನೇ ನಾನು ವಾರವಾರ ಉಜ್ಜಿ ತೆಗೀತಿದ್ದೆ! ನೀರಿಗೆ ಗಾಳಿ ಊದೋ ಯಂತ್ರದ ಸ್ಪಂಜನ್ನೂ ಸೋಪು ಹಾಕಿ ಒಗೆದಿದ್ದೀನಿ.”

“ಇಸ್ತ್ರಿ ಮಾತ್ರ ಮಾಡಿಲ್ಲ, ಪುಣ್ಯ!”

ಅಮ್ಮ ನಕ್ಕಳು, ನಗು ಅರ್ಧದಲ್ಲೇ ನಿಂತಿತು. ಒಂದೊಂದು ಮೀನು ಸತ್ತಾಗಲೂ ಇನ್ನಷ್ಟು ಜೋರಾಗಿ ಉಜ್ಜಿದ್ದಳು. ಅಕ್ಕ ಹೇಳಿದಂತೆ ಆವತ್ತು ಮೀನಿನ ತಿಂಡಿ ನಿಲ್ಲಿಸಿ, ಕಾಲುಭಾಗ ನೀರು ತೆಗೆದು, ಕ್ಲೋರಿನ್ ಕಳೆಯುವ ಔಷಧಿ ಬೆರೆಸಿದ ನಲ್ಲಿ ನೀರು ತುಂಬಿದಳು. ತೊಟ್ಟಿಯ ಗೋಡೆಯ ಗೊಡವೆಗೆ ಹೋಗಲಿಲ್ಲ.

ರಜೆಯ ದಿನ ಅಮ್ಮ, ಸೂಜಿ ಅಕ್ಕ ಇಬ್ಬರೂ ಸಾಕುಮೀನಿನ ಅಂಗಡಿಗೆ ಹೋದರು. ಅಂಗಡಿಯವನು ಹೊಳೆಯುವ ಒಂದು ಯಂತ್ರ ತೆಗೆದಿಟ್ಟ. “ಅದ್ದಿದ್ರೆ ಸಾಕು ಮೇಡಂ, ನಂಬರ್ ಬರುತ್ತೆ.”

“ಯಾವುದರ ನಂಬರ್?” ಎಂದಳು ಸೂಜಿ ಅಕ್ಕ.

“ಪಿಎಚ್‌ದು. ಹುಳಿ ಎಷ್ಟು, ಕ್ಷಾರ ಎಷ್ಟು ಅಂತ.”

“ಅಮೋನಿಯಾ?”

ಅಂಗಡಿಯವನು ಕೆಮ್ಮಿದ. “ಅದು ಇದರಲ್ಲಿ ಬರಲ್ಲ.”

“ಇಷ್ಟು ದುಡ್ಡು ಕೊಟ್ಟು ಅದೂ ಬರಲ್ವಾ?” ಅಮ್ಮ ಯಂತ್ರವನ್ನು ಬಿಸಿ ಪಾತ್ರೆಯ ಹಾಗೆ ಕೆಳಗಿಟ್ಟಳು. “ಈ ಕಾಗದದ ಪಟ್ಟಿ ಅಗ್ಗ ಇದೆಯಲ್ಲ ಅಕ್ಕ, ಇದನ್ನೇ ತಗೊಳ್ಳಲಾ?”

“ಪಟ್ಟಿ ಸುಳುವು. ಒಂದು ಅದ್ದಿದ್ರೆ ನಾಲ್ಕೈದು ವಿಷಯ ಒಟ್ಟಿಗೆ ತಿಳಿಯುತ್ತೆ. ಆದ್ರೆ ಡಬ್ಬಿ ಮೇಲೆ ಓದು, ಅಮೋನಿಯಾ ಇದೆಯಾ? ಇಲ್ಲ. ಸುಮಾರು ಪಟ್ಟಿಗಳಲ್ಲಿ ಇರಲ್ಲ. ಒದ್ದೆ ಕೈ ತಾಗಿದ್ರೂ ಕೆಡ್ತವೆ. ನಿನ್ನ ಕೈ ಒಣಗಿದ್ದು ಯಾವಾಗ ಹೇಳು?”

ಉಳಿದದ್ದು ಹನಿಯ ಕಿಟ್. ಬೆಲೆ ಪಟ್ಟಿಗಿಂತ ಹೆಚ್ಚು. ಅಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಲಾಂಡ್ರಿಯಲ್ಲಿ ಸೋಪು ಕೊಳ್ಳುವಾಗ ಪೊಟ್ಟಣದ ಬೆಲೆ ನೋಡಲ್ಲ ನಾವು. ಒಂದು ಪೊಟ್ಟಣಕ್ಕೆ ಎಷ್ಟು ಬಟ್ಟೆ ಆಗುತ್ತೆ ಅಂತ ನೋಡ್ತೀವಿ. ಇದರಲ್ಲಿ ಎಷ್ಟು ಸಲ ಪರೀಕ್ಷೆ ಆಗುತ್ತಪ್ಪ?”

ಅಂಗಡಿಯವನು ಹೇಳಿದ. ಲೆಕ್ಕ ಹಾಕಿದರೆ ಒಂದೊಂದು ಪರೀಕ್ಷೆಗೆ ಹನಿಯ ಕಿಟ್ಟೇ ಅಗ್ಗವಾಯಿತು. “ಹೀಗೆ ಕೇಳೋರು ಬಂದ್ರೆ ನನ್ನ ಯಂತ್ರ ಯಾರು ತಗೋತಾರೆ?” ಎಂದು ಗೊಣಗಿದ ಅವನು. ಸೂಜಿ ಅಕ್ಕ ಸೀಸೆಯ ಮೇಲಿನ ಕೊನೆಯ ದಿನಾಂಕ ನೋಡಿದಳು. ಹನಿ ಮುಗಿದರೆ ಸೀಸೆ ಮಾತ್ರ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಕೊಂಡಳು. ಕಾರ್ಡು ಸಿಹಿನೀರಿಗೋ ಸಮುದ್ರದ ನೀರಿಗೋ ಎಂದು ಖಚಿತ ಮಾಡಿಕೊಂಡಳು. ಅಮೋನಿಯಾ ಕಿಟ್ ಅಮ್ಮ ಕೊಂಡಳು, ಪಿಎಚ್ ಕಿಟ್ಟನ್ನೂ, ಅಮೋನಿಯಾದಿಂದಲೇ ಹುಟ್ಟುವ ಇನ್ನೊಂದು ವಿಷವಾದ ನೈಟ್ರೈಟ್‌ನ ಕಿಟ್ಟನ್ನೂ ಅಕ್ಕ ಕೊಂಡಳು. ಬೇಕಾದಾಗ ಕಿಟ್ಟುಗಳು ಗೋಡೆಯ ಮೇಲೆ ಅತ್ತಿಂದಿತ್ತ ಓಡಾಡಲಿ ಎಂದು.

ಆ ವಾರವೇ ಲಾಂಡ್ರಿಯ ಬಾಯ್ಲರ್ ಕೆಟ್ಟು ಅಮ್ಮನಿಗೆ ಕೆಲವು ದಿನ ಬಿಡುವು ಸಿಕ್ಕಿತು. ಬೆಳಿಗ್ಗೆ ಬೆಳಕಲ್ಲಿ, ಬಿಳಿ ಕಾಗದದ ಎದುರು ಕೊಳವೆ ಹಿಡಿದು ನೋಡುತ್ತಿದ್ದಳು. ಹಸಿರು ತೆಳುವಾಗುತ್ತ ಬಂದು, ಹಳದಿಯೇ ನಿಂತಿತು. ಮೂರೂ ಮೀನು ಚುರುಕಾದವು. ಮಧ್ಯಾಹ್ನ ಅಮ್ಮ ಮಗಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಉಂಡರು. ಮಗಳು ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡಳು.

ಬಾಯ್ಲರ್ ಸರಿಯಾಯಿತು. ಅಮ್ಮ ಕೆಲಸಕ್ಕೆ ಹೋದಳು. ಕೆಲವೇ ದಿನದಲ್ಲಿ ಕೊಳವೆ ಮತ್ತೆ ಹಸಿರಾಯಿತು.

“ಉಜ್ಜಿದ್ಯಾ?” ಎಂದಳು ಸೂಜಿ ಅಕ್ಕ.

“ಬ್ರಷ್ಷನ್ನೇ ಎಸೆದಿದ್ದೀನಿ ಅಕ್ಕ! ಕಿಟ್ಟೇ ಸುಳ್ಳು ಹೇಳ್ತಿದೆ. ನಾನು ಮನೇಲಿದ್ರೆ ಹಳದಿ, ಕೆಲಸಕ್ಕೆ ಹೋದ್ರೆ ಹಸಿರು. ಇದೆಂಥಾ ತಮಾಷೆ?”

“ಕಿಟ್ಟಿಗೆ ನಿನ್ನ ಡ್ಯೂಟಿ ಗೊತ್ತಿಲ್ಲ ಕಣೆ. ಕೊಳದ ತಳ ನೋಡಿದ್ಯಾ?”

ಅಮ್ಮ ತೋಳೇರಿಸಿ ಕೈ ಇಳಿಸಿದಳು. ಕಲ್ಲಿನ ಸಂದಿಯಿಂದ ಹಿಡಿ ತುಂಬ ಬಂತು. ಊದಿಕೊಂಡು ಹುಳಿ ನಾತ ಬರುವ ಅನ್ನ. ಮಗಳ ಮಧ್ಯಾಹ್ನದ ಊಟಕ್ಕೆಂದು ಬೆಳಿಗ್ಗೆ ಅವಳೇ ಡಬ್ಬಿಗೆ ಒತ್ತಿ ತುಂಬಿಟ್ಟು ಹೋಗುತ್ತಿದ್ದ ಅನ್ನ.

ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಸೂಜಿ ಅಕ್ಕ ಗೋಡೆಯಿಂದ ತಲೆ ಇಳಿಸಿಕೊಂಡಳು.

ಉಳಿದ ಮಾತಿಗೆ ಮೊದಲು, ಓದುತ್ತಿರುವ ಅಕ್ಕ ತಂಗಿಯರೇ, ನಿಮಗೊಂದು ವಿನಂತಿ. ನಿಮ್ಮ ಹಿತ್ತಲಲ್ಲೂ ಮೀನಿನ ಕೊಳವಿದ್ದರೆ ನೀರಿನ ತಿಳಿ ನೋಡಿ ಮೋಸಹೋಗಬೇಡಿ. ವಾರಕ್ಕೊಮ್ಮೆ ಪರೀಕ್ಷೆ ಮಾಡಿ, ಮೀನು ಮಂಕಾದರೆ ಆಗಲೇ ಮಾಡಿ. ಒಂದೇ ಕಿಟ್ ಕೊಳ್ಳುವಷ್ಟು ಕೈಯಲ್ಲಿದ್ದರೆ ಅಮೋನಿಯಾದ್ದನ್ನು ಕೊಳ್ಳಿ. ಡಬ್ಬಿಯ ಬೆಲೆಗಿಂತ ಒಂದು ಪರೀಕ್ಷೆಗೆ ಎಷ್ಟು ಬೀಳುತ್ತದೆ ಎಂದು ಕೇಳಿ. ದಿನಾಂಕ ಮೀರಿದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ದುಬಾರಿಯೆನಿಸಿದರೆ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕೊಳ್ಳಿ. ಹನಿ ಸೀಸೆಗಳನ್ನು ಮಕ್ಕಳ ಕೈಗೆ ಸಿಗದ ಹಾಗೆ ನೆರಳಿನಲ್ಲಿಡಿ, ಪರೀಕ್ಷೆ ಮಾಡಿದ ನೀರನ್ನು ಮತ್ತೆ ಕೊಳಕ್ಕೆ ಸುರಿಯಬೇಡಿ. ಸ್ಪಂಜನ್ನು ಕೊಳದಿಂದ ತೆಗೆದ ನೀರಿನಲ್ಲೇ ಅಲಬಿಸಿ. ತಿಂಡಿ ಹಾಕುವುದಾದರೆ ಮೀನು ಎರಡು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ. ಮತ್ತೆ, ಬಣ್ಣ ಬರಲು ಕಾಯುವ ಆ ಐದು ನಿಮಿಷ ಬೇರೆ ಕೆಲಸಕ್ಕೆ ಓಡಬೇಡಿ. ಮನೆಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಅಮ್ಮ ಆವತ್ತು ಹಾಗೆಯೇ ಕೂತಳು. ನೀರು ಬದಲಾಯಿಸಿ, ಅನ್ನವನ್ನೆಲ್ಲ ಬಳಿದು ತೆಗೆದು, ಮತ್ತೊಮ್ಮೆ ಹನಿ ಬಿಟ್ಟು, ಕೊಳವೆಯನ್ನು ತೊಟ್ಟಿಯ ಅಂಚಿಗಿಟ್ಟಳು. ಮಗಳನ್ನು ಹತ್ತಿರ ಕರೆದಳು.

“ಬೈಯಲ್ಲ, ಬಾರೇ. ನಾನು ಉಜ್ಜಿ ಕೆಡಿಸಿದೆ, ನೀನು ಉಣ್ಣಿಸಿ ಕೆಡಿಸಿದೆ. ಇಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ. ಹಸಿವಾಗ್ತಿರಲಿಲ್ವಾ ನಿನಗೆ?”

“ಆಗ್ತಿತ್ತು.”

“ಮತ್ತೆ?”

“ನಾನು ಡಬ್ಬಿ ತೆಗೆದ ತಕ್ಷಣ ಅವು ಮೇಲೆ ಬರ್ತಿದ್ವು. ನನಗೊಂದು ತುತ್ತು, ಅವಕ್ಕೊಂದು ತುತ್ತು.”

ಅಮ್ಮ ಅವಳ ಹೆರಳನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು. “ಇನ್ಮೇಲೆ ಅನ್ನ ಹಾಕಬಾರದು ಕಂದಾ. ಅವು ಬದುಕಬೇಕಲ್ಲ?”

ಮಗಳು ತಲೆಯಾಡಿಸಿದಳು. ಕೊಳವೆಯ ನೀರಿನ ಬಣ್ಣ ಇನ್ನೂ ನಿಂತಿರಲಿಲ್ಲ. ಮೂರು ಮೀನು ಕೆಳಗೆ, ಗೋಡೆಯ ಎಳೆ ಲೋಳೆಯ ಪಕ್ಕದಲ್ಲಿ ಸುತ್ತುತ್ತಿದ್ದವು. ಅವಳು ಬಾಯಿ ತೆರೆದಳು. ಈ ಸಲ ಅಮ್ಮ ಎದ್ದು ಹೋಗಲಿಲ್ಲ.

“ಹಾಗಾದ್ರೆ ಮಧ್ಯಾಹ್ನ ನಾನು ಯಾರ ಜೊತೆ ಊಟ ಮಾಡ್ಲಿ, ಅಮ್ಮಾ?”